ಆರು ಆಟಿಕೆ ಯಾಕೆ? ಒಂದು ಡಬ್ಬಿ ಪೌಡರ್ ಸಾಕು

ಪ್ರಶ್ನೆ: ನಾನು ಡೊಂಬಿವ್ಲಿಯವನು, ಇಂಜಿನಿಯರಿಂಗ್ ಎರಡನೇ ವರ್ಷ. ಇಬ್ಬರು ಗೆಳೆಯರ ಜೊತೆ ಸೇರಿ ಮೊಬೈಲಿಗೆ ಒಂದು ಪಜಲ್ ಗೇಮ್ ಮಾಡುತ್ತಿದ್ದೇನೆ. ಹಗ್ಗ, ಸ್ಪ್ರಿಂಗ್, ಅಯಸ್ಕಾಂತ, ಫ್ಯಾನ್, ನೀರು, ಬಲೂನು ಎಲ್ಲಾ ಇದೆ. ಫಿಸಿಕ್ಸ್ ಆದಷ್ಟೂ ನಿಜದ ಹಾಗೇ ಇಟ್ಟಿದ್ದೇವೆ. ಆದರೂ ಆಡಿದವರು ಮೂರನೇ ಲೆವೆಲಿಗೆ ಫೋನ್ ವಾಪಸ್ ಕೊಡುತ್ತಾರೆ. ‘ಪೋರ್ಟಲ್’ ಆಟದಲ್ಲಿ ಇಷ್ಟೆಲ್ಲಾ ಸಾಮಾನಿಲ್ಲ, ಆದರೂ ಬಿಡೋಕೆ ಮನಸ್ಸಾಗುವುದಿಲ್ಲ. ನನ್ನ ಅಪ್ಪ ಇಲ್ಲಿನ ಕನ್ನಡ ರಾತ್ರಿ ಶಾಲೆಯಲ್ಲಿ ವಿಜ್ಞಾನ ಕಲಿಸಿದವರು. ಅವರು ‘ಪೋರ್ಟಲ್’ ನೋಡಿ, "ಇದರಲ್ಲಿ ಫಿಸಿಕ್ಸೇ ತಪ್ಪು, ಶಕ್ತಿ ಎಲ್ಲಿಂದ ಬಂತು?" ಅಂದರು. ತಪ್ಪು ಫಿಸಿಕ್ಸಿನ ಆಟ ಚೆನ್ನಾಗಿದೆ, ಸರಿ ಫಿಸಿಕ್ಸಿನ ನಮ್ಮ ಆಟ ಬೋರು. ಯಾಕೆ ಹೀಗೆ? ಆಟದ ಕಾಪಿ ಕಳಿಸಿದ್ದೇನೆ. ಏಳನೇ ಲೆವೆಲ್ ಕೇರಂ ಬೋರ್ಡಿನ ಹಾಗಿದೆ, ಅದು ಸುಮ್ನೆ ತಮಾಷೆಗೆ ಮಾಡಿದ್ದು.

ಉತ್ತರ: ನಿಮ್ಮ ಆಟವನ್ನು ಮೂರು ದಿನ ಆಡಿದೆ. ಮುಲುಂಡಿನಿಂದ ಘಾಟ್ಕೋಪರ್‌ವರೆಗೆ, ಲೋಕಲ್ ರೈಲಿನಲ್ಲಿ ನಿಂತುಕೊಂಡು. ಒಂದು ಕೈಯಲ್ಲಿ ಮೇಲಿನ ಹಿಡಿ, ಇನ್ನೊಂದರಲ್ಲಿ ಫೋನು. ಮೊಬೈಲ್ ಆಟವನ್ನು ಪರೀಕ್ಷೆ ಮಾಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಅಕ್ಕಪಕ್ಕದವರು ಇಣುಕಿದರೆ ಆಟದಲ್ಲಿ ಏನೋ ಇದೆ ಅಂತ ಅರ್ಥ. ಮೂರನೇ ಲೆವೆಲ್ ಆಡುವಾಗ ಯಾರೂ ಇಣುಕಲಿಲ್ಲ. ಏಳನೆಯದು ಆಡುವಾಗ ಪಕ್ಕದವರೊಬ್ಬರು "ಅರೇ, ರಿಬೌಂಡ್ ಮಾರ್ ನಾ" ಅಂದರು, ಅಂಚಿಗೆ ಬಡಿಸಿ ಹೊಡಿ ಅಂತ. ಅವರು ನನ್ನ ಗುರುತಿನವರೇನಲ್ಲ. ಆ ಲೆವೆಲಿಗೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ತಂದೆಯವರ ಮಾತು. ಅವರು ಹೇಳಿದ್ದು ನೂರಕ್ಕೆ ನೂರು ಸರಿ.

‘ಪೋರ್ಟಲ್’ ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ವಾಲ್ವ್ ಕಂಪನಿ 2007ರಲ್ಲಿ ತಂದ ಆಟ ಇದು. ಆಡುವವರ ಕೈಯಲ್ಲಿ ಒಂದು ಗನ್. ಅದರಿಂದ ಗೋಡೆಯ ಮೇಲೋ ನೆಲದ ಮೇಲೋ ಎರಡು ತೂತು ತೆರೆಯಬಹುದು, ಒಂದು ನೀಲಿ, ಒಂದು ಕಿತ್ತಳೆ. ಒಂದರೊಳಗೆ ಹೋದರೆ ಇನ್ನೊಂದರಿಂದ ಹೊರಗೆ. ಎಷ್ಟು ವೇಗದಲ್ಲಿ ಒಳಗೆ ಹೋದಿರೋ ಅಷ್ಟೇ ವೇಗದಲ್ಲಿ ಹೊರಗೆ ಬರುತ್ತೀರಿ. ಆಟದ ಜೀವ ಇರುವುದು ಈ ಕೊನೆಯ ವಾಕ್ಯದಲ್ಲಿ.

ಈಗ ನೆಲದಲ್ಲಿ ಒಂದು ತೂತು, ಅದರ ನೇರ ಮೇಲೆ ಚಾವಣಿಯಲ್ಲಿ ಇನ್ನೊಂದು ತೂತು ಮಾಡಿ. ಕೆಳಗೆ ಬಿದ್ದವನು ಮೇಲಿಂದ ಬರುತ್ತಾನೆ, ಮತ್ತೆ ಬೀಳುತ್ತಾನೆ, ಮತ್ತೆ ಬರುತ್ತಾನೆ. ಎತ್ತರಕ್ಕೆ ಹೋಗಲು ಶಕ್ತಿ ಖರ್ಚೇ ಆಗಲಿಲ್ಲ, ಆದರೆ ಬೀಳುವಾಗ ಮಾತ್ರ ಶಕ್ತಿ ಸಿಗುತ್ತಲೇ ಇದೆ. ನಡುವೆ ಒಂದು ಟರ್ಬೈನ್ ಇಟ್ಟರೆ ಇಡೀ ಮುಂಬಯಿಗೆ ಪುಕ್ಕಟೆ ಕರೆಂಟು. ಅಷ್ಟೇ ಅಲ್ಲ, ಸಂವೇಗವೂ ಉಳಿಯುವುದಿಲ್ಲ. ಸಂವೇಗಕ್ಕೆ ದಿಕ್ಕಿದೆ, ಅಲ್ವಾ? ಕೆಳಮುಖವಾಗಿ ಒಳಗೆ ಹೋದವನು ಗೋಡೆಯಿಂದ ಅಡ್ಡಕ್ಕೆ ಹಾರಿ ಬರುತ್ತಾನೆ. ಉಳಿದಿರುವುದು ವೇಗದ ಅಳತೆ ಮಾತ್ರ, ದಿಕ್ಕಲ್ಲ. ತಂದೆಯವರಿಗೆ ಇದನ್ನೂ ಹೇಳಿ, ಖುಷಿಪಡುತ್ತಾರೆ.

ಆದರೆ ಇನ್ನೊಂದು ವಿಷಯವನ್ನೂ ಅವರು ಗಮನಿಸಬೇಕು. ಆ ಆಟದಲ್ಲಿ ದೊಡ್ಡ ಸುಳ್ಳು ಇರುವುದು ಒಂದೇ ಕಡೆ, ತೂತಿನಲ್ಲಿ. ತೂತಿನಿಂದ ಹೊರಗೆ ಬಂದ ಮರುಕ್ಷಣದಿಂದ ಹೆಚ್ಚುಕಡಿಮೆ ಎಲ್ಲವೂ ಶಾಲೆಯ ಪುಸ್ತಕದ ಹಾಗೇ ನಡೆಯುತ್ತದೆ. ಲೆಕ್ಕ ಹಾಕಿ ನೋಡೋಣ, ಗುರುತ್ವ 10 ಅಂತ ಇಟ್ಟುಕೊಂಡು. 5 ಮೀಟರ್ ಎತ್ತರದಿಂದ ನೆಲದ ತೂತಿಗೆ ಬಿದ್ದರೆ 1 ಸೆಕೆಂಡು ಹಿಡಿಯುತ್ತದೆ, ವೇಗ ಸೆಕೆಂಡಿಗೆ 10 ಮೀಟರ್. ಇನ್ನೊಂದು ತೂತು ಗೋಡೆಯ ಮೇಲೆ 5 ಮೀಟರ್ ಎತ್ತರದಲ್ಲಿದ್ದರೆ ಅಲ್ಲಿಂದ ಅಡ್ಡಕ್ಕೆ 10ರ ವೇಗದಲ್ಲಿ ಹಾರುತ್ತೀರಿ. ನೆಲ ಮುಟ್ಟಲು ಮತ್ತೆ 1 ಸೆಕೆಂಡು. ಹಾಗಾಗಿ 10 ಮೀಟರ್ ದೂರದಲ್ಲಿ ಇಳಿಯುತ್ತೀರಿ. ನಡುವಿನ ಹಳ್ಳ 20 ಮೀಟರ್ ಇದ್ದರೆ? ವೇಗ ಎರಡು ಪಟ್ಟು ಬೇಕು. ಅದಕ್ಕೆ ಬೀಳುವ ಎತ್ತರ ಎರಡು ಪಟ್ಟಾದರೆ ಸಾಲದು, ನಾಲ್ಕು ಪಟ್ಟಾಗಬೇಕು, ಅಂದರೆ 20 ಮೀಟರ್.

ಆಡುವವರು ಯಾರೂ ಈ ಲೆಕ್ಕ ಹಾಕುವುದಿಲ್ಲ. "ಇನ್ನೂ ಸ್ವಲ್ಪ ಮೇಲಿಂದ ಬೀಳಬೇಕಿತ್ತು" ಅಂದುಕೊಳ್ಳುತ್ತಾರೆ ಅಷ್ಟೇ. ಅದು ಅವರ ಮೈಗೆ ಗೊತ್ತಿರುವ ಸಂಗತಿ. ಲೋಕಲ್ಲಿನಲ್ಲಿ ದಿನಾ ನಿಲ್ಲುವವರನ್ನು ನೋಡಿ. ಬ್ರೇಕ್ ಬೀಳುವ ಮೊದಲೇ ಕಾಲು ಅಗಲ ಮಾಡಿ ಹಿಂದಕ್ಕೆ ವಾಲುತ್ತಾರೆ. ಜಡತ್ವದ ನಿಯಮ ಬರೆಯಿರಿ ಅಂದರೆ ಅವರಲ್ಲಿ ಹತ್ತರಲ್ಲಿ ಒಂಬತ್ತು ಜನ ನಕ್ಕುಬಿಡುತ್ತಾರೆ. ಒಳ್ಳೆಯ ಪಜಲ್ ಆಟ ಈ ಮೈಯ ಜ್ಞಾನವನ್ನು ಸಾಲ ತೆಗೆದುಕೊಳ್ಳುತ್ತದೆ. ಆಮೇಲೆ ಅದರಲ್ಲಿ ಒಂದೇ ಒಂದು ತಿರುಪು ಹಾಕುತ್ತದೆ. ಮೈ ಹೇಳಿದ್ದು ತೊಂಬತ್ತು ಪಾಲು ಸರಿ ಇರುತ್ತದೆ. ಉಳಿದ ಹತ್ತು ಪಾಲಿನಲ್ಲಿ ಪಜಲ್ ಇರುತ್ತದೆ.

ನಿಮ್ಮ ಆಟದಲ್ಲಿ ಆ ಹತ್ತು ಪಾಲು ಇಲ್ಲ. ಫ್ಯಾನ್ ಹಾಕಿದರೆ ಬಲೂನು ಆ ಕಡೆ ಹೋಗುತ್ತದೆ. ಹೋಗಲೇಬೇಕಲ್ಲ? ನೀರು ತುಂಬಿದರೆ ಮರದ ಪೆಟ್ಟಿಗೆ ತೇಲುತ್ತದೆ. ನಮ್ಮ ಮನೆಯ ಬಕೆಟ್ಟಿನಲ್ಲೂ ಮಗ್ಗು ತೇಲುತ್ತದೆ. ನೋಡಿ ಆಶ್ಚರ್ಯಪಡಲು ಏನಿದೆ? 2004ರಲ್ಲಿ ‘ಹಾಫ್ ಲೈಫ್ 2’ ಬಂದಾಗ ಅದರಲ್ಲಿ ಒಂದು ಏತದ ಹಲಗೆ ಇತ್ತು. ಒಂದು ತುದಿಗೆ ಸಿಮೆಂಟ್ ಇಟ್ಟಿಗೆ ಪೇರಿಸಿ, ಇನ್ನೊಂದು ತುದಿಯಿಂದ ಮೇಲಕ್ಕೆ ಹತ್ತಬೇಕು. ಆಗ ನಾವೆಲ್ಲಾ ಬಾಯಿ ಬಿಟ್ಟುಕೊಂಡು ನೋಡಿದ್ದೆವು, ಯಾಕೆಂದರೆ ಆಟದೊಳಗೆ ಇಟ್ಟಿಗೆಗೆ ತೂಕ ಇರುವುದೇ ಹೊಸತು. ಈಗ ಅದೇ ಪಜಲ್ ಕೊಟ್ಟರೆ ಕೂಲಿ ಕೆಲಸ ಅನ್ನಿಸುತ್ತದೆ. ನನ್ನ ಮಟ್ಟಿಗೆ ಆ ಆಟದ ನಿಜವಾದ ಆವಿಷ್ಕಾರ ಸಾಮಾನುಗಳನ್ನು ಎಳೆದು ಎಸೆಯುವ ಗ್ರಾವಿಟಿ ಗನ್, ಏತವಲ್ಲ. ಏತ ಬರೀ ಪ್ರದರ್ಶನಕ್ಕೆ ಇಟ್ಟದ್ದು. ನಿಮ್ಮ ಮೂರನೇ ಲೆವೆಲ್ ಆ ಏತದ ತಮ್ಮ.

‘ಪೋರ್ಟಲ್’ ಎಲ್ಲಿಂದ ಹುಟ್ಟಿತು ಅನ್ನುವುದೂ ನಿಮ್ಮಂಥ ವಿದ್ಯಾರ್ಥಿಗಳಿಗೆ ತಿಳಿದಿರಬೇಕು. ಅಮೆರಿಕದ ಡಿಜಿಪೆನ್ ಸಂಸ್ಥೆಯ ವಿದ್ಯಾರ್ಥಿಗಳು 2005ರಲ್ಲಿ ‘ನಾರ್ಬಾಕ್ಯುಲರ್ ಡ್ರಾಪ್’ ಅನ್ನುವ ಆಟ ಮಾಡಿದ್ದರು. ಅದರಲ್ಲೊಬ್ಬಳು ರಾಜಕುಮಾರಿ. ಅವಳಿಗೆ ಮಂಡಿಯೇ ಇಲ್ಲ, ಅದಕ್ಕೇ ಜಿಗಿಯಲಾರಳು. ಜಿಗಿಯಲಾರದವಳು ಗುಂಡಿಯಾಚೆ ಹೋಗುವುದು ಹೇಗೆ? ಗೋಡೆಯಲ್ಲಿ ಎರಡು ತೂತು ಮಾಡಿಕೊಂಡು. ವಾಲ್ವ್ ಆ ಹುಡುಗರ ಇಡೀ ತಂಡವನ್ನೇ ಕೆಲಸಕ್ಕೆ ತೆಗೆದುಕೊಂಡಿತು. ಅವರು ಮಾಡಿದ ಜಾಣತನ ನೋಡಿ. ಹೊಸದೊಂದನ್ನು ಕೊಡುವ ಮೊದಲು ಹಳೆಯದೊಂದನ್ನು ಕಿತ್ತುಕೊಂಡರು. ಜಿಗಿತ ಇದ್ದಿದ್ದರೆ ಅರ್ಧ ಪಜಲ್ಲುಗಳು ಜಿಗಿದೇ ಮುಗಿಯುತ್ತಿದ್ದವು.

ಟೆರಿ ಕ್ಯಾವನಾ 2010ರಲ್ಲಿ ಮಾಡಿದ, ಹೆಸರಿನಲ್ಲಿ ಬರೀ ಆರು ‘ವಿ’ ಅಕ್ಷರಗಳಿರುವ ಆಟದಲ್ಲೂ ಇದೇ ತಂತ್ರ. ಅಲ್ಲೂ ಜಿಗಿತವಿಲ್ಲ. ಒಂದೇ ಬಟನ್, ಒತ್ತಿದರೆ ಗುರುತ್ವ ತಲೆಕೆಳಗು. ನೆಲ ಚಾವಣಿ, ಚಾವಣಿ ನೆಲ. ಇಡೀ ಆಟ ಅಷ್ಟರಲ್ಲೇ ಮುಗಿಯಿತು.

‘ಪೋರ್ಟಲ್’ನಲ್ಲಿ ಇನ್ನೊಂದು ಸಣ್ಣ ಸಂಗತಿಯಿದೆ, ಬಹಳ ಜನ ಗಮನಿಸುವುದಿಲ್ಲ. ನಾಯಕಿಯ ಕಾಲಿಗೆ ಸ್ಪ್ರಿಂಗಿನ ಪಟ್ಟಿ ಕಟ್ಟಿದ್ದಾರೆ. ಎಷ್ಟೇ ಎತ್ತರದಿಂದ ಬಿದ್ದರೂ ಅವಳಿಗೆ ಪೆಟ್ಟಾಗುವುದಿಲ್ಲ. ಬೇರೆ ಆಟಗಳಲ್ಲಿ ಬೀಳುವುದೆಂದರೆ ಸಾವು. ಇಲ್ಲಿ ಬೀಳುವುದೇ ಪೆಟ್ರೋಲು. ಬಿದ್ದರೆ ಸಾಯುವ ಹಾಗಿದ್ದರೆ ಯಾರೂ ಬೇಕೆಂದೇ ಬೀಳುತ್ತಿರಲಿಲ್ಲ, ವೇಗದ ಆಟವೇ ಹುಟ್ಟುತ್ತಿರಲಿಲ್ಲ. ಇನ್ನೊಂದು ಗುಟ್ಟು: ನೀವು ನೆಲದ ತೂತಿನ ಕಡೆ ಬೀಳುವಾಗ ಆಟ ನಿಮ್ಮನ್ನು ಮೆಲ್ಲಗೆ ಅದರ ನಡುವಿಗೆ ಸರಿಸುತ್ತದೆ. ಸೆಟ್ಟಿಂಗ್ಸಿನಲ್ಲಿ ಅದನ್ನು ಆಫ್ ಮಾಡುವ ಅವಕಾಶವೂ ಇದೆ. ಇದೂ ಫಿಸಿಕ್ಸಿನ ಪ್ರಕಾರ ತಪ್ಪೇ. ಆದರೆ ಉತ್ತರ ಹೊಳೆದವನನ್ನು ಕೈತಪ್ಪಿನಿಂದ ಫೇಲ್ ಮಾಡಬಾರದು ಅನ್ನುವ ಸೌಜನ್ಯ ಅದು. ನಿಮ್ಮ ಐದನೇ ಲೆವೆಲಿನಲ್ಲಿ ನನಗೆ ಉತ್ತರ ಅರ್ಧ ನಿಮಿಷಕ್ಕೆ ಹೊಳೆಯಿತು. ಚೆಂಡನ್ನು ಆ ಸಂದಿಗೆ ಸರಿಯಾಗಿ ಬೀಳಿಸಲು ಹದಿನಾಲ್ಕು ಸಲ ಬೇಕಾಯಿತು. ಇಂಥ ಕಡೆ ಸ್ವಲ್ಪ ಮೋಸ ಮಾಡಿ, ಪಾಪವಿಲ್ಲ.

2011ರಲ್ಲಿ ‘ಪೋರ್ಟಲ್ 2’ ಬಂತು. ಅದಕ್ಕೆ ಬಣ್ಣ ಬಣ್ಣದ ದ್ರವ ಸೇರಿಸಿದರು. ನೀಲಿ ಬಳಿದ ಕಡೆ ಪುಟಿಯುತ್ತೀರಿ, ಕಿತ್ತಳೆ ಬಳಿದ ಕಡೆ ಜಾರುತ್ತಾ ವೇಗ ಹಿಡಿಯುತ್ತೀರಿ. ಇದರ ಬೀಜವೂ ಡಿಜಿಪೆನ್ನಿನ ಇನ್ನೊಂದು ವಿದ್ಯಾರ್ಥಿ ತಂಡದ ಆಟದ್ದೇ. ಈಗ ನಿಮ್ಮ ಫಿಸಿಕ್ಸ್ ಎಂಜಿನಿನ, ಅಂದರೆ ಆಟದೊಳಗಿನ ಚಲನೆಯ ಲೆಕ್ಕ ಹಾಕುವ ಸಾಫ್ಟ್‌ವೇರಿನ, ಕಿಟಕಿ ತೆರೆದು ನೋಡಿ. ಪ್ರತಿ ವಸ್ತುವಿಗೂ ಎರಡು ಸಂಖ್ಯೆ ಕೇಳುತ್ತದೆ: ಎಷ್ಟು ಪುಟಿಯಬೇಕು, ಎಷ್ಟು ಘರ್ಷಣೆ ಇರಬೇಕು. ನೀವು ಒಂದು ಸಲ ತುಂಬಿ ಮರೆತುಬಿಟ್ಟ ಸಂಖ್ಯೆಗಳು ಅವು. ಆ ತಂಡ ಮಾಡಿದ್ದು ಇಷ್ಟೇ, ಹೆಚ್ಚುಕಡಿಮೆ ಅದೇ ಎರಡು ಸಂಖ್ಯೆಗಳನ್ನು ಪೇಂಟ್ ಡಬ್ಬದಲ್ಲಿ ತುಂಬಿ ಆಡುವವರ ಕೈಗೆ ಕೊಟ್ಟರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೇರಂ ಬೋರ್ಡಿಗೆ ಬಂದಾಗ ಬೇಕಾಗುತ್ತದೆ.

ಹಾಗಾದರೆ ಸುಳ್ಳೇ ಇಲ್ಲದ ಫಿಸಿಕ್ಸಿನಿಂದ ಒಳ್ಳೆಯ ಪಜಲ್ ಆಗುವುದೇ ಇಲ್ಲವೇ ಅಂದರೆ, ಆಗುತ್ತದೆ. ಆದರೆ ಅಲ್ಲೂ ಒಂದೇ ಸಂಗತಿಯನ್ನು ಹಿಡಿದು ಜಗ್ಗಬೇಕು. ‘ವರ್ಲ್ಡ್ ಆಫ್ ಗೂ’ 2008ರಲ್ಲಿ ಬಂತು. ಅಂಟು ಉಂಡೆಗಳನ್ನು ಒಂದಕ್ಕೊಂದು ಅಂಟಿಸಿ ಗೋಪುರ ಕಟ್ಟಿ, ಎತ್ತರದಲ್ಲಿರುವ ಕೊಳವೆ ಮುಟ್ಟಬೇಕು. ಚೌಕ ಕಟ್ಟಿದರೆ ವಾಲುತ್ತದೆ, ತ್ರಿಕೋನ ಕಟ್ಟಿದರೆ ನಿಲ್ಲುತ್ತದೆ. ಇದು ಸೇತುವೆ ಕಟ್ಟುವವರಿಗೆಲ್ಲಾ ಗೊತ್ತು. ಆದರೆ ಗಂಟು ಬೇರೆ ಕಡೆ ಇದೆ. ಕೊಳವೆಗೆ ಸೇರಿಸಬೇಕಾದದ್ದು ಅದೇ ಉಂಡೆಗಳನ್ನು! ಗೋಪುರಕ್ಕೆ ಜಾಸ್ತಿ ಬಳಸಿದರೆ ಉಳಿಸಲು ಉಂಡೆ ಇರುವುದಿಲ್ಲ. ಕಡಿಮೆ ಬಳಸಿದರೆ ಗೋಪುರ ಬೀಳುತ್ತದೆ. ಗೋಕುಲಾಷ್ಟಮಿಯ ಮರುದಿನ ದಾದರಿನಲ್ಲೋ ಠಾಣೆಯಲ್ಲೋ, ಎತ್ತರಕ್ಕೆ ಕಟ್ಟಿದ ಮೊಸರಿನ ಗಡಿಗೆ ಒಡೆಯುವ ದಹಿ ಹಂಡಿ ನೋಡಿದ್ದೀರಲ್ಲ? ಎಂಟು ಒಂಬತ್ತು ಅಂತಸ್ತಿನ ಮನುಷ್ಯರ ಗೋಪುರ ಏರಿಸಬೇಕಾದರೆ ಕೆಳಗೆ ದೊಡ್ಡ ಗುಂಪು ಬೇಕು, ಮೇಲೆ ಹೋದ ಹಾಗೆ ಹಗುರದವರು, ತುದಿಗೆ ಎಲ್ಲರಿಗಿಂತ ಹಗುರದವನು. ಎಲ್ಲರೂ ಮೇಲೆ ಹತ್ತುತ್ತೇವೆ ಅಂದರೆ ಗಡಿಗೆ ಒಡೆಯುವುದಿಲ್ಲ. ಆ ಆಟವನ್ನು ಮೊದಲ ಸಲ ಆಡಿದಾಗ ನನಗೆ ತಟ್ಟನೆ ನೆನಪಾದದ್ದು ಇದೇ.

‘ವರ್ಲ್ಡ್ ಆಫ್ ಗೂ’ ಕೂಡ ಕಾಲೇಜಿನ ಕೂಸು. ಅದನ್ನು ಮಾಡಿದ ಇಬ್ಬರಲ್ಲಿ ಒಬ್ಬರಾದ ಕೈಲ್ ಗ್ಯಾಬ್ಲರ್ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದಲ್ಲಿದ್ದಾಗ ಗೆಳೆಯರೆಲ್ಲಾ ಒಂದು ನಿಯಮ ಹಾಕಿಕೊಂಡಿದ್ದರು. ಒಂದು ಆಟ, ಒಬ್ಬನೇ ಮಾಡಬೇಕು, 7 ದಿನದೊಳಗೆ. 2005ರ ಆ ಗುಂಪಿನಲ್ಲಿ ಹುಟ್ಟಿದ ‘ಟವರ್ ಆಫ್ ಗೂ’ ಮುಂದೆ ಈ ಆಟವಾಗಿ ಬೆಳೆಯಿತು. 7 ದಿನದಲ್ಲಿ ಆರು ಬಗೆಯ ಸಾಮಾನು ಹಾಕಲು ಪುರುಸೊತ್ತು ಎಲ್ಲಿ? ಒಂದೇ ಸಾಧ್ಯ. ನೀವು ಮೂವರು ಎಂಟು ತಿಂಗಳಿನಿಂದ ಮಾಡುತ್ತಿದ್ದೀರಿ ಅಂತ ಆಟದ ಮೊದಲ ಸ್ಕ್ರೀನಿನಲ್ಲಿ ಬರೆದುಕೊಂಡಿದ್ದೀರಿ. ನಿಮ್ಮ ಆಟಕ್ಕೆ ಬಂದ ಕಾಯಿಲೆಯೂ ಅದೇ ಅಂತ ನನ್ನ ಅನುಮಾನ. ಸಮಯ ಜಾಸ್ತಿ ಇತ್ತು, ಸಾಮಾನು ಜಾಸ್ತಿಯಾಯಿತು.

ಇನ್ನು ಉತ್ತರ ಒಂದೇ ಇರಬೇಕೋ, ಹಲವು ಇರಬಹುದೋ ಅನ್ನುವ ಜಗಳ. ನೀವು ನಾಲ್ಕನೇ ಲೆವೆಲಿನಲ್ಲಿ ನಾಲ್ಕೂ ಕಡೆ ಗೋಡೆ ಕಟ್ಟಿ, ನಿಮ್ಮ ಮನಸ್ಸಿನಲ್ಲಿದ್ದ ಒಂದೇ ದಾರಿ ಬಿಟ್ಟಿದ್ದೀರಿ. ನಾನು ಬಲೂನನ್ನು ಹಗ್ಗಕ್ಕೆ ಸಿಕ್ಕಿಸಿ ಬೇರೆ ದಾರಿ ಹುಡುಕಿದೆ. ನಿಮ್ಮ ಆಟ ಅದನ್ನು ಒಪ್ಪಲಿಲ್ಲ, ಕಾಣದ ಗೋಡೆಯೊಂದು ತಡೆಯಿತು. ಫಿಸಿಕ್ಸ್ ಆಟದಲ್ಲಿ ಇದು ದೊಡ್ಡ ಅಪರಾಧ. ನಿಯಮ ನಂಬಿ ಬಂದವನಿಗೆ ನಿಯಮವೇ ಕೈಕೊಟ್ಟ ಹಾಗೆ.

ನಿಂಟೆಂಡೊದ ‘ಬ್ರೆತ್ ಆಫ್ ದ ವೈಲ್ಡ್’ 2017ರಲ್ಲಿ ಬಂದಾಗ ಅದರಲ್ಲೊಂದು ಗೋಡೆಗಳಿರುವ ತಟ್ಟೆ ಇತ್ತು. ಕೈಯಲ್ಲಿರುವ ಕಂಟ್ರೋಲರ್ ವಾಲಿಸಿದರೆ ತಟ್ಟೆ ವಾಲುತ್ತದೆ, ಚೆಂಡು ಉರುಳುತ್ತದೆ, ಜಾಡು ಹಿಡಿದು ಹೊರಗೆ ಬರಬೇಕು. ಆಡುವವರು ಏನು ಮಾಡಿದರು? ಕಂಟ್ರೋಲರನ್ನೇ ಮಗುಚಿದರು. ತಟ್ಟೆ ಬೋರಲಾಯಿತು. ಅದರ ಬೆನ್ನು ನುಣ್ಣಗೆ ಸಪಾಟು, ಒಂದು ಗೋಡೆಯೂ ಇಲ್ಲ. ಚೆಂಡನ್ನು ಬೆನ್ನ ಮೇಲೆ ಹಿಡಿದು ಸುಲಭವಾಗಿ ದಾಟಿಸಿದರು. ಆಟ ಅದನ್ನು ಒಪ್ಪಿಕೊಂಡಿತು. ಅದೇ ಆಟದಲ್ಲಿ ಕರೆಂಟು ಹರಿಸುವ ಪಜಲ್ಲಿಗೆ ಕೊಟ್ಟ ಕಬ್ಬಿಣದ ಪೆಟ್ಟಿಗೆ ಬಿಟ್ಟು, ತಮ್ಮ ಕತ್ತಿಗಳನ್ನೇ ಸಾಲಾಗಿ ನೆಲಕ್ಕೆ ಇಟ್ಟವರೂ ಇದ್ದಾರೆ. ಕತ್ತಿಯೂ ಲೋಹವೇ ತಾನೆ? ಹೀಗೆ ಗೆದ್ದವನು ನಾಲ್ಕು ಜನಕ್ಕೆ ಹೇಳಿಕೊಂಡು ತಿರುಗುತ್ತಾನೆ. ನಿಮ್ಮ ಆಟಕ್ಕೆ ಅದಕ್ಕಿಂತ ಅಗ್ಗದ ಜಾಹೀರಾತು ಬೇಕೇ?

ಹಾಗಂತ ಪೂರ್ತಿ ಬಿಟ್ಟುಬಿಟ್ಟರೂ ಕಷ್ಟ. ಫಿನ್ಲೆಂಡಿನ ಪೆಟ್ರಿ ಪುರ್ಹೊ 2009ರಲ್ಲಿ ತಂದ ‘ಕ್ರೇಯಾನ್ ಫಿಸಿಕ್ಸ್ ಡಿಲಕ್ಸ್’ನಲ್ಲಿ ಪರದೆಯ ಮೇಲೆ ಏನು ಬರೆದರೂ ಅದಕ್ಕೆ ತೂಕ ಬಂದು ಕೆಳಗೆ ಬೀಳುತ್ತದೆ. ಬಳಪದಲ್ಲಿ ಪೆಟ್ಟಿಗೆ ಬರೆಯಿರಿ, ಸೇತುವೆ ಬರೆಯಿರಿ, ಕೆಂಪು ಚೆಂಡನ್ನು ನಕ್ಷತ್ರ ಮುಟ್ಟಿಸಿ. ತೊಂದರೆ ಏನೆಂದರೆ, ಒಂದು ಉಪಾಯ ಸಿಕ್ಕಿದರೆ ಎಲ್ಲಾ ಲೆವೆಲಿಗೂ ಅದನ್ನೇ ಬಳಸಬಹುದು. ಪುರ್ಹೊ ಅದನ್ನು ತಡೆಯಲಿಲ್ಲ. ಬದಲಿಗೆ ಒಂದೇ ಚಿತ್ರದಲ್ಲಿ ಮುಗಿಸಿದರೆ ಬೇರೆ ಗೌರವ, ಮೊಳೆ ಕೊಕ್ಕೆ ಇಲ್ಲದೆ ಮುಗಿಸಿದರೆ ಇನ್ನೊಂದು ಗೌರವ ಅಂತ ಇಟ್ಟರು. ಮೂರನೆಯದು ನನಗೆ ಬಹಳ ಇಷ್ಟ: ಉತ್ತರ ಭಾರಿಯಾಗಿದೆ ಅಂತ ಆಡಿದವನೇ ತೀರ್ಮಾನಿಸಿ ಗುರುತು ಹಾಕಿಕೊಳ್ಳಬಹುದು.

ಎಂಜಿನಿನ ಬಗ್ಗೆಯೂ ಸ್ವಲ್ಪ ಹೇಳಬೇಕು. ನೀವು ಬಳಸಿರುವ ಬಾಕ್ಸ್2ಡಿ ಒಳ್ಳೆಯದೇ. ಎರಿನ್ ಕ್ಯಾಟೊ ಬರೆದು ಪುಕ್ಕಟೆಯಾಗಿ ಕೊಟ್ಟದ್ದು. ‘ಆಂಗ್ರಿ ಬರ್ಡ್ಸ್’, ‘ಲಿಂಬೊ’, ಈಗಷ್ಟೇ ಹೇಳಿದ ‘ಕ್ರೇಯಾನ್ ಫಿಸಿಕ್ಸ್’ ಮೂರರ ಹೊಟ್ಟೆಯಲ್ಲೂ ಅದೇ ಇದೆ. ಮೂರು ಆಟಗಳಿಗೂ ಎಲ್ಲಿಂದೆಲ್ಲಿಗೆ ಸಂಬಂಧ! ಅಡುಗೆಮನೆ ಒಂದೇ, ಅಡುಗೆ ಬೇರೆ.

ಆದರೆ ನಿಮ್ಮ ಚೆಂಡು ನನ್ನ ಹಳೆಯ ಫೋನಿನಲ್ಲಿ ಎರಡು ಸಲ ಗೋಡೆಯೊಳಗಿಂದ ತೂರಿ ಹೋಯಿತು. ಕಾರಣ ಹೇಳುತ್ತೇನೆ. ಎಂಜಿನ್ ಕಾಲವನ್ನು ಹರಿಯುವ ನೀರಿನ ಹಾಗೆ ನೋಡುವುದಿಲ್ಲ, ಹೆಜ್ಜೆ ಹೆಜ್ಜೆಯಾಗಿ ನೋಡುತ್ತದೆ. ಸೆಕೆಂಡಿಗೆ 60 ಹೆಜ್ಜೆ ಅಂದುಕೊಳ್ಳಿ. ಸೆಕೆಂಡಿಗೆ 30 ಮೀಟರ್ ವೇಗದ ಚೆಂಡು ಒಂದು ಹೆಜ್ಜೆಯಲ್ಲಿ ಅರ್ಧ ಮೀಟರ್ ಹಾರುತ್ತದೆ. ಗೋಡೆ 20 ಸೆಂಟಿಮೀಟರ್ ದಪ್ಪವಿದ್ದರೆ? ಈ ಹೆಜ್ಜೆಯಲ್ಲಿ ಗೋಡೆಯ ಈಚೆ, ಮುಂದಿನ ಹೆಜ್ಜೆಯಲ್ಲಿ ಆಚೆ. ನಡುವೆ ಗೋಡೆ ಇತ್ತು ಅನ್ನುವುದು ಎಂಜಿನಿಗೆ ಗೊತ್ತೇ ಆಗುವುದಿಲ್ಲ. ಬಾಕ್ಸ್2ಡಿ ನಿಂತ ಗೋಡೆಗಳ ಮಟ್ಟಿಗೆ ಇದನ್ನು ತಾನಾಗಿಯೇ ತಡೆಯುತ್ತದೆ. ನಿಮ್ಮ ಗೋಡೆ ಚಲಿಸುವಂಥದ್ದು, ಅದಕ್ಕೇ ಬೇರೆಯಾಗಿ ಹೇಳಬೇಕು: ಚೆಂಡಿಗೆ ‘ಬುಲೆಟ್’ ಅನ್ನುವ ಗುರುತು ಹಾಕಿ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನೀವು ಫಿಸಿಕ್ಸಿನ ಹೆಜ್ಜೆಯನ್ನು ಪರದೆಯ ಫ್ರೇಮಿಗೆ, ಅಂದರೆ ಒಂದಾದ ಮೇಲೊಂದು ಮೂಡುವ ಚಿತ್ರಕ್ಕೆ, ಕಟ್ಟಿಹಾಕಿದ್ದೀರಿ. ಫೋನ್ ನಿಧಾನವಾದರೆ ಹೆಜ್ಜೆ ಉದ್ದವಾಗುತ್ತದೆ, ಆಗ ಉತ್ತರವೇ ಬದಲಾಗುತ್ತದೆ. ಇದರ ರುಚಿ ನಾನು ನೋಡಿದ್ದೇನೆ. ಹಲವು ವರ್ಷಗಳ ಹಿಂದೆ ಒಂದು ಸಣ್ಣ ಸ್ಟುಡಿಯೋದಲ್ಲಿದ್ದಾಗ ನನ್ನ ಆಟವೊಂದನ್ನು ದುಡ್ಡು ಹಾಕುವವರ ಮುಂದೆ ತೋರಿಸಬೇಕಿತ್ತು. ನನ್ನ ಫೋನಿನಲ್ಲಿ ನೂರು ಸಲ ಸರಿ ಬಂದ ಲೆವೆಲ್, ಅವರ ಅಗ್ಗದ ಫೋನಿನಲ್ಲಿ ಒಂದು ಸಲವೂ ಬರಲಿಲ್ಲ. ಸ್ಪ್ರಿಂಗ್ ಹುಚ್ಚು ಹಿಡಿದ ಹಾಗೆ ಜಿಗಿದು ಪರದೆಯಾಚೆ ಹೋಯಿತು. ಚಹಾ ಕುಡಿದು ಎದ್ದು ಬಂದೆವು. ಆವತ್ತಿನಿಂದ ಹೆಜ್ಜೆಯನ್ನು ಒಂದೇ ಅಳತೆಗೆ ಕಟ್ಟುತ್ತೇನೆ. ಫ್ರೇಮ್ ತಡವಾದರೆ ಒಂದರ ಬದಲು ಎರಡು ಹೆಜ್ಜೆ ಹಾಕಿಸುತ್ತೇನೆ, ಹೆಜ್ಜೆ ಮಾತ್ರ ಉದ್ದ ಮಾಡುವುದಿಲ್ಲ.

ಈಗ ಏಳನೇ ಲೆವೆಲ್.

ಮಾಟುಂಗಾದಲ್ಲಿ ನನ್ನ ಮಾವನ ಹೋಟೆಲಿತ್ತು. ರಾತ್ರಿ ಶಟರ್ ಎಳೆದ ಮೇಲೆ ಅಟ್ಟದಲ್ಲಿ ಹುಡುಗರೆಲ್ಲಾ ಕೇರಂ ಹಾಕುತ್ತಿದ್ದರು. ಕುಂದಾಪುರ, ಕಾರ್ಕಳ ಕಡೆಯಿಂದ ಬಂದವರು. ದೋಸೆ ಹುಯ್ಯುವ ಅಣ್ಣನೊಬ್ಬರು ಪೌಡರ್ ಡಬ್ಬಿಯನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಬೋರ್ಡ್ ಮೇಲೆ ಎಲ್ಲಿ, ಎಷ್ಟು ಚಿಮುಕಿಸಬೇಕು ಅನ್ನುವುದರಲ್ಲೇ ಅರ್ಧ ಆಟ ಇದೆ ಅನ್ನುತ್ತಿದ್ದರು. ನಿಮ್ಮ ಲೆವೆಲ್ ಆಡುವಾಗ ಅವರೇ ಕಣ್ಣ ಮುಂದೆ ಬಂದರು. ಈ ಲೆವೆಲ್ಲನ್ನೇ ಇಡೀ ಆಟ ಮಾಡಿ. ಉಳಿದದ್ದನ್ನು ಬಿಸಾಡಿ. ಎಂಟು ತಿಂಗಳ ಕೆಲಸ ಅಂತ ಹೊಟ್ಟೆ ಉರಿಯುತ್ತದೆ, ಗೊತ್ತು.

ಹೊಡೆಯುವುದನ್ನು ಆಡುವವರಿಂದ ಕಿತ್ತುಕೊಳ್ಳಿ, ರಾಜಕುಮಾರಿಯ ಮಂಡಿ ಕಿತ್ತ ಹಾಗೆ. ಸ್ಟ್ರೈಕರ್ ಪ್ರತಿ ಸಲ ಅದೇ ಜಾಗದಿಂದ, ಅದೇ ಕೋನದಲ್ಲಿ, ಅದೇ ಜೋರಿನಲ್ಲಿ ತಾನಾಗಿಯೇ ಹೊರಡಲಿ. ಆಡುವವರ ಕೈಯಲ್ಲಿ ಇರುವುದು ಪೌಡರ್ ಮಾತ್ರ. ಒಂದೇ ಒಂದು ಸುಳ್ಳು ಸೇರಿಸಿ: ಪೌಡರ್ ಬಿದ್ದ ಜಾಗದಲ್ಲಿ ಘರ್ಷಣೆ ಪೂರ್ತಿ ಸೊನ್ನೆ. ಕಾಯಿ ಓಡಾಡಿದರೂ ಪೌಡರ್ ಚದುರುವುದಿಲ್ಲ. ಉಳಿದದ್ದೆಲ್ಲಾ ನಿಜವಾದ ಕೇರಂ. ಬೋರ್ಡ್ 74 ಸೆಂಟಿಮೀಟರ್ ಚೌಕ, ಕಾಯಿ 5 ಗ್ರಾಂ, ಸ್ಟ್ರೈಕರ್ 15 ಗ್ರಾಂ. ತೂಕ ಮೂರು ಪಟ್ಟು ಇರುವುದರಿಂದ, ಏನೂ ನಷ್ಟವಿಲ್ಲದೆ ನೇರ ಬಡಿದರೆ ಕಾಯಿ ಸ್ಟ್ರೈಕರಿನ ಒಂದೂವರೆ ಪಟ್ಟು ವೇಗದಲ್ಲಿ ಹಾರುತ್ತದೆ, ಸ್ಟ್ರೈಕರ್ ಅರ್ಧ ವೇಗದಲ್ಲಿ ಅದರ ಹಿಂದೆಯೇ ಹೋಗುತ್ತದೆ. ಸ್ಟ್ರೈಕರ್ ಗುಂಡಿಗೆ ಬಿದ್ದರೆ ಫೌಲ್. ನೋಡಿ, ಅಪಾಯವೂ ತಾನಾಗಿಯೇ ಬಂತು.

ಈಗ ಇದರಿಂದ ಏನು ಹುಟ್ಟುತ್ತದೆ ನೋಡಿ. ಬರೀ ಮರದ ಮೇಲೆ ಒಂದು ಕಾಯಿ 30 ಸೆಂಟಿಮೀಟರ್ ಓಡಿ ನಿಲ್ಲುತ್ತದೆ ಅಂದುಕೊಳ್ಳಿ. ದಾರಿಯಲ್ಲಿ 20 ಸೆಂಟಿಮೀಟರ್ ಪೌಡರ್ ಹಾಕಿದರೆ ಅದು ಸರಿಯಾಗಿ 50 ಓಡುತ್ತದೆ. ಘರ್ಷಣೆ ತಿನ್ನುವುದು ಮರದ ಮೇಲಿನ ದೂರವನ್ನು ಮಾತ್ರ. ಆ ಪೌಡರನ್ನು ದಾರಿಯ ಮೊದಲಲ್ಲಿ ಹಾಕಿದರೂ 50, ಮರದ ಮೇಲಿನ ಓಟ ಮುಗಿಯುವ ಸ್ವಲ್ಪ ಮೊದಲು ಹಾಕಿದರೂ 50. ಮೊದಲ ಹತ್ತು ಲೆವೆಲಿನಲ್ಲಿ ಆಡುವವರು ಇದನ್ನು ಕಲಿಯುತ್ತಾರೆ. ಎಲ್ಲಿ ಹಾಕಿದರೂ ಒಂದೇ ಅಂತ ನಂಬುತ್ತಾರೆ. ಹನ್ನೊಂದನೇ ಲೆವೆಲಿನಲ್ಲಿ ಎರಡು ಕಾಯಿಗಳನ್ನು ಓಡಿಸಿ, ಎರಡೂ ಒಂದೇ ಹೊತ್ತಿಗೆ ಒಂದು ಜಾಗದಲ್ಲಿ ಸೇರಬೇಕು ಅನ್ನಿ. ಈಗ ಜಾಗ ಮುಖ್ಯವಾಗುತ್ತದೆ! ಪೌಡರ್ ಮೊದಲೇ ಇದ್ದರೆ ಕಾಯಿ ಅದನ್ನು ಪೂರ್ತಿ ವೇಗದಲ್ಲಿ ದಾಟುತ್ತದೆ, ಬೇಗ ತಲುಪುತ್ತದೆ. ಕೊನೆಯಲ್ಲಿದ್ದರೆ ದಣಿದ ಕಾಯಿ ಅದರ ಮೇಲೆ ನಿಧಾನವಾಗಿ ಜಾರುತ್ತದೆ. ದೂರ ಒಂದೇ, ಹೊತ್ತು ಬೇರೆ. ನೀವು ಹೊಸ ಸಾಮಾನು ಒಂದನ್ನೂ ಸೇರಿಸಲಿಲ್ಲ, ಹಳೆಯ ನಿಯಮದ ಇನ್ನೊಂದು ಮುಖ ತೋರಿಸಿದಿರಿ ಅಷ್ಟೇ.

ಆದರೆ ಇದು ಕೆಲಸ ಮಾಡಬೇಕಾದರೆ ಒಂದು ತಪ್ಪು ತಿದ್ದಬೇಕು, ಅದರಲ್ಲಿ ನಿಮ್ಮ ತಂದೆಯವರೇ ನಿಮಗೆ ಗುರು. ನಿಮ್ಮ ಕಾಯಿ ಕೊನೆಕೊನೆಗೆ ಇರುವೆಯ ಹಾಗೆ ತೆವಳುತ್ತದೆ, ನಿಲ್ಲುವುದೇ ಇಲ್ಲ. ನಿಜವಾದ ಕೇರಂ ಕಾಯಿ ಹಾಗಲ್ಲ, ಟಕ್ ಅಂತ ನಿಲ್ಲುತ್ತದೆ. ನೀವು ಎಂಜಿನಿನ ‘ಲೀನಿಯರ್ ಡ್ಯಾಂಪಿಂಗ್’ ಬಳಸಿರಬೇಕು. ಅದು ವೇಗಕ್ಕೆ ತಕ್ಕ ಹಾಗೆ ತಡೆಯುತ್ತದೆ, ವೇಗ ಕಡಿಮೆಯಾದರೆ ತಡೆಯೂ ಕಡಿಮೆ. ಅದರಲ್ಲಿ ಎರಡು ಪಟ್ಟು ಜೋರಾಗಿ ಹೊಡೆದರೆ ಕಾಯಿ ಎರಡು ಪಟ್ಟು ದೂರ ಹೋಗುತ್ತದೆ. ಮರದ ಮೇಲಿನ ನಿಜವಾದ ಘರ್ಷಣೆಯಲ್ಲಿ ನಾಲ್ಕು ಪಟ್ಟು ಹೋಗಬೇಕು. ಮೇಲಿಂದ ನೋಡುವ ಆಟದಲ್ಲಿ ಬೋರ್ಡಿನ ಘರ್ಷಣೆಯನ್ನು ಬಾಕ್ಸ್2ಡಿ ತಾನಾಗಿ ಕೊಡುವುದಿಲ್ಲ, ನೀವೇ ಬರೆಯಬೇಕು. ಪ್ರತಿ ಹೆಜ್ಜೆಯಲ್ಲೂ ವೇಗದಿಂದ ಒಂದೇ ಮೊತ್ತ ಕಳೆಯಿರಿ. ಉಳಿದ ವೇಗ ಆ ಮೊತ್ತಕ್ಕಿಂತ ಕಡಿಮೆಯಾದ ಕೂಡಲೇ ಸೊನ್ನೆ ಮಾಡಿ. ನಾಲ್ಕು ಸಾಲಿನ ಕೋಡು. ಇದನ್ನು ಮಾಡದಿದ್ದರೆ ಕಾಯಿ 50ರ ಹತ್ತಿರ ತೆವಳುತ್ತಲೇ ಇರುತ್ತದೆ, ಟಕ್ ಅಂತ ನಿಲ್ಲುವುದಿಲ್ಲ. ಲೋಕಲ್ಲಿನಲ್ಲಿ ರಿಬೌಂಡ್ ಹೊಡಿ ಅಂದರಲ್ಲ, ಅವರಿಗೆ ಈ ಸೂತ್ರ ಗೊತ್ತಿರಲಿಕ್ಕಿಲ್ಲ. ಆದರೂ ಕಾಯಿ ತೆವಳಿದ್ದು ನೋಡಿ, "ಬೋರ್ಡ್ ಗೀಲಾ ಹೈ ಕ್ಯಾ?" ಅಂತ ಕೇಳಿದರು, ಬೋರ್ಡ್ ಒದ್ದೆಯಾಗಿದೆಯಾ ಅಂತ.

7 ದಿನ ತೆಗೆದುಕೊಳ್ಳಿ. ಒಂದು ಸ್ಟ್ರೈಕರ್, ಎರಡು ಕಾಯಿ, ಒಂದು ಡಬ್ಬಿ. ಚಿತ್ರ, ಸದ್ದು, ಮೆನು ಏನೂ ಬೇಡ. ಹನ್ನೊಂದನೇ ಲೆವೆಲ್ ಮೊದಲು ತಂದೆಯವರ ಕೈಗೆ ಕೊಡಿ. ಹತ್ತಿರದಲ್ಲಿ ಕಾಗದ ಪೆನ್ನು ಇಡಬೇಡಿ.